ಒಳಗಿನಿಂದ ಹಾಕಿದ್ದ ಅಗಳಿ

ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತ ಆಯುಷ್ಯ ಕಳೆದವಳು ನಾನು. ಯಾರಾದರೂ ದೆವ್ವ ಕಂಡೆ, ತೀರಿಕೊಂಡ ಅಜ್ಜಿ ಕನಸಿನಲ್ಲಿ ಬಂದು ಎಚ್ಚರಿಕೆ ಕೊಟ್ಟಳು ಎಂದರೆ ಅವರೆದುರು ನಗುತ್ತಿರಲಿಲ್ಲ. ಮನಸ್ಸಿನಲ್ಲಿ ಮಾತ್ರ ಅವರಿಗೆ ಅಂಕ ಕಡಿಮೆ ಮಾಡುತ್ತಿದ್ದೆ. ಈಗ ನಾನೇ ಅಂಥದೊಂದು ಸಂಗತಿ ಹೇಳಹೊರಟಿದ್ದೇನೆ. ನೀವು ನನಗೆ ಅಂಕ ಕಳೆದರೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಬನಹಟ್ಟಿಯಲ್ಲಿ ಕೆಲಸಕ್ಕಿದ್ದೆ. ಯಜಮಾನರದು ಬೀಳಗಿಯಲ್ಲಿ ನೌಕರಿ. ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ನಸುಕಿನಲ್ಲಿ ಹೊರಡುತ್ತಿದ್ದರು. ಉಳಿದ ದಿನ ಮನೆಯಲ್ಲಿ ನಾನು ಮತ್ತು ನಾಲ್ಕು ವರ್ಷದ ಮಗಳು ಸುಧಾ, ಇಬ್ಬರೇ. ಒಂಬತ್ತು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದಿದ್ದೆವು. ಗೋಡೆಗೆ ಮೊಳೆ ಹೊಡೆಯಬೇಡಿ, ನೀರು ಜಾಸ್ತಿ ಚೆಲ್ಲಬೇಡಿ ಎನ್ನುವ ಮಾತು ಕೇಳಿ ಕೇಳಿ ಸಾಕಾಗಿತ್ತು. ಪಕ್ಕದೂರು ರಬಕವಿಯ ಒಂದು ನೇಕಾರ ಕುಟುಂಬ ಸೊಲ್ಲಾಪುರಕ್ಕೆ ಹೋಗಿ ನೆಲೆಸುತ್ತದೆಂದು ತಿಳಿದಾಗ ಅವರ ಹಳೆಯ ಮನೆಯನ್ನು ಕೊಂಡೆವು. ಬೀಗದ ಕೈ ಸಿಕ್ಕ ದಿನ ನಾನು ಮಾಡಿದ ಮೊದಲ ಕೆಲಸವೆಂದರೆ ಪಡಸಾಲೆಯ ಗೋಡೆಗೆ ಒಂದು ಮೊಳೆ ಹೊಡೆದದ್ದು. ತೂಗುಹಾಕಲು ಏನೂ ಇರಲಿಲ್ಲ. ಸುಮ್ಮನೆ ಹೊಡೆದೆ.

ಮನೆ ದೊಡ್ಡದೇನಲ್ಲ. ಮುಂದೆ ಕಟ್ಟೆ, ಆಮೇಲೆ ಪಡಸಾಲೆ, ಅದರ ಹಿಂದೆ ನಡುಮನೆ, ಕೊನೆಗೆ ಅಡಿಗೆ ಕೋಣೆ, ಹಿತ್ತಲು. ಮೇಲೆ ಮಣ್ಣಿನ ಮಾಳಿಗೆ, ಅಂದರೆ ಓಡಾಡಬಹುದಾದ ಮಟ್ಟಸ ಛಾವಣಿ, ಅದರ ಕೆಳಗೆ ಹಳೆಯ ಮರದ ತೊಲೆಗಳು. ನಡುಮನೆಯಲ್ಲಿ ಹಿಂದಿನವರು ಕಾಲು ಇಳಿಬಿಟ್ಟು ನೇಯುತ್ತಿದ್ದ ಮಗ್ಗದ ಕುಣಿ ಇತ್ತು. ಅದನ್ನು ಮಣ್ಣು ಹಾಕಿ ಮುಚ್ಚಿ ಮೇಲೆ ಫರಸಿ ಕಲ್ಲು ಹಾಸಿಸಿದ್ದೆವು. ಬೇಸಿಗೆಯಲ್ಲೂ ಅಲ್ಲಿ ತಂಪು. ಮಧ್ಯಾಹ್ನ ಊಟವಾದ ಮೇಲೆ ಸುಧಾಳನ್ನು ಅಲ್ಲಿಯೇ ಮಲಗಿಸುತ್ತಿದ್ದೆ. ನಾನು ಪಕ್ಕದಲ್ಲಿ ಕೂತು ಪೇಪರು ತಿದ್ದುತ್ತಿದ್ದೆ.

ಸ್ವಂತ ಮನೆಯೆಂದರೆ ನೆಮ್ಮದಿ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಬಾಡಿಗೆ ಮನೆಯಲ್ಲಿ ಗೋಡೆ ಬಿರಿದರೆ ಅದು ಮಾಲಕರ ಚಿಂತೆ, ಇಲ್ಲಿ ಎಲ್ಲವೂ ನನ್ನದೇ. ಬಿರುಕು ಕಂಡಲ್ಲೆಲ್ಲ ಅದರ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆಯತೊಡಗಿದೆ, ಮುಂದೆ ಬೆಳೆದರೆ ಗೊತ್ತಾಗಲಿ ಎಂದು. ಬೀಗ ಹಾಕಿ ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ತಿರುಗಿ ಬಂದು ಜಗ್ಗಿ ನೋಡಿದ್ದುಂಟು. ಒಂದು ಸಲ ನಡುಮನೆಯ ತೊಲೆಯ ಕೆಳಗೆ ಸಣ್ಣಗೆ ಮಣ್ಣಪುಡಿ ಬಿದ್ದಿತ್ತು. ಮನೆ ಕಟ್ಟುವ ಗೌಂಡಿಯನ್ನು ಕರೆಸಿದೆ. ಅವನು ತೊಲೆಯನ್ನು ಕೋಲಿನಿಂದ ಬಡಿದು ನೋಡಿದ.

"ಇನ್ನೂ ಹತ್ತ ವರ್ಷ ಏನೂ ಆಗೂದಿಲ್ರಿ ಅಕ್ಕೋರ. ನೀವು ಸುಮ್ಮ ಕಾಳಜಿ ಮಾಡಾಕತ್ತೀರಿ" ಎಂದು ಹೇಳಿ ಹೋದ.

ಪಕ್ಕದ ಮನೆಯ ಕಸ್ತೂರೆವ್ವನೂ ಅದನ್ನೇ ಅನ್ನುತ್ತಿದ್ದಳು. ಆಕೆ, ಆಕೆಯ ಗಂಡ ಚಂದ್ರಪ್ಪ ಇಬ್ಬರೂ ನೇಕಾರರು. ನಾನು ಶಾಲೆಗೆ ಹೋದಾಗ ಸುಧಾ ಅವರ ಮಗ್ಗದ ಹತ್ತಿರ ಆಡಿಕೊಂಡಿರುತ್ತಿದ್ದಳು.

ಮುಂಬಾಗಿಲಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹೊರಗೆ ಕೊಂಡಿ, ಬೀಗ. ಒಳಗೆ ಮೇಲ್ಗಡೆ ಕಬ್ಬಿಣದ ಚಿಲಕ. ಅದರ ಜೊತೆಗೆ ಹಳೆ ಕಾಲದ ಅಗಳಿ, ಅಂದರೆ ಗೋಡೆಯೊಳಗಿನ ತೂತಿನಿಂದ ಅಡ್ಡ ಎಳೆದು ಎರಡೂ ಕದಗಳಿಗೆ ಹಾಯಿಸುವ ದಪ್ಪ ಮರದ ತುಂಡು. ನಾವು ಬರುವಾಗಲೇ ಅದು ಗೋಡೆಯಲ್ಲಿ ಬಿಗಿದುಕೊಂಡಿತ್ತು. ಯಜಮಾನರು ಒಮ್ಮೆ ಎರಡೂ ಕೈ ಹಾಕಿ, ಕಾಲು ಕೊಟ್ಟು ಜಗ್ಗಿದಾಗ ಗೇಣುದ್ದ ಬಂದಿತ್ತು. ಮತ್ತೆ ಒಳಗೆ ನೂಕಿ ಬಿಟ್ಟರು. ನಾನು ಚಿಲಕವನ್ನಷ್ಟೇ ಹಾಕುತ್ತಿದ್ದೆ.

ಅದೊಂದು ಶನಿವಾರ, ಮುಂಜಾನೆಯ ಶಾಲೆ. ಹೊರಡುವ ಮುಂಚೆ ಹಿತ್ತಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದೆ, ಮುಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದೆ. ಇದರಲ್ಲಿ ನನಗೆ ಅನುಮಾನವಿಲ್ಲ. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಬಂದು ಕಸ್ತೂರೆವ್ವನ ಮನೆಯಿಂದ ಸುಧಾಳನ್ನು ಕರೆದುಕೊಂಡು ಕಟ್ಟೆ ಹತ್ತಿದೆ. ಬೀಗ ಹಾಕಿದ ಹಾಗೇ ಇತ್ತು. ತೆಗೆದೆ. ಕೊಂಡಿ ಸರಿಸಿ ಕದ ನೂಕಿದೆ. ತೆರೆಯಲಿಲ್ಲ.

ಬಿಸಿಲಿಗೆ ಕದ ಸೊಟ್ಟಗಾಗಿ ಸಿಕ್ಕಿಕೊಂಡಿರಬೇಕು ಎಂದುಕೊಂಡು ಭುಜ ಕೊಟ್ಟು ನೂಕಿದೆ. ಅಲುಗಾಡಲಿಲ್ಲ. ಬಾಗಿಲ ಪಕ್ಕದ ಕಿಟಕಿಯ ಸರಳಿಗೆ ಮುಖ ಹಚ್ಚಿ, ಓರೆಯಾಗಿ ಒಳಗೆ ನೋಡಿದೆ. ಅಗಳಿ ಎರಡೂ ಕದಗಳಿಗೆ ಅಡ್ಡಲಾಗಿ ಪೂರ್ತಿ ಹಾದಿತ್ತು.

ಕಸ್ತೂರೆವ್ವನನ್ನು ಕೂಗಿದೆ. ಆಕೆಯೂ ಸರಳಿಗೆ ಮುಖ ಹಚ್ಚಿ ನೋಡಿದಳು.

"ಖರೆ ಅಕ್ಕೋರ, ಅಗಳಿ ಬಿದ್ದೈತಿ. ಒಳಗ ಯಾರೋ ಅದಾರ" ಎಂದು ಪಿಸುಗುಟ್ಟಿದಳು. ಸುಧಾಳನ್ನು ಎತ್ತಿಕೊಂಡು ಕಟ್ಟೆ ಇಳಿದುಬಿಟ್ಟಳು.

ಚಂದ್ರಪ್ಪ ಬಂದರು. "ಯಾರದೀರಿ ಒಳಗ? ಬಾಗಲಾ ತಗೀರಿ" ಎಂದು ಎರಡು ಸಲ ಕೇಳಿದರು. ಉತ್ತರವಿಲ್ಲ. ಅವರು ತಮ್ಮ ಹಿತ್ತಲಿನ ಗೋಡೆ ದಾಟಿ ನಮ್ಮ ಹಿತ್ತಲ ಬಾಗಿಲು ನೂಕಿ ನೋಡಿದರು. ಅದೂ ಒಳಗಿನಿಂದ ಭದ್ರವಾಗಿತ್ತು. ಕಳ್ಳ ಒಳಹೋಗುವಂಥ ಬೇರೆ ದಾರಿ ಇರಲಿಲ್ಲ. ನಡುಮನೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು, ಅದಕ್ಕೆ ಕಬ್ಬಿಣದ ಸರಳು. ಬೆಕ್ಕು ಕೂಡ ಇಳಿಯುವಂತಿರಲಿಲ್ಲ.

"ನಾ ಮ್ಯಾಲಿಂದ ಹಣಿಕಿ ಹಾಕಿ ನೋಡತೀನಿ" ಎಂದರು ಚಂದ್ರಪ್ಪ. ಅವರ ಮಾಳಿಗೆಗೂ ನಮ್ಮ ಮಾಳಿಗೆಗೂ ನಡುವೆ ಮೊಣಕಾಲೆತ್ತರದ ಗೋಡೆಯಷ್ಟೇ. ಸ್ವಲ್ಪ ಹೊತ್ತಿಗೆ ಮೇಲಿನಿಂದ ಅವರ ದನಿ ಕೇಳಿತು. "ಯಾರೂ ಇಲ್ರಿ ಅಕ್ಕೋರ. ಎಲ್ಲಾ ಕಾಣತೈತಿ. ಯಾರೂ ಇಲ್ಲ."

ಆ ಮಾತು ಮುಗಿಯುವುದಕ್ಕೂ ಒಳಗೆ ಏನೋ ಮುರಿದ ಸದ್ದಾಗುವುದಕ್ಕೂ ಸರಿಹೋಯಿತು. ದೊಡ್ಡ ಸಪ್ಪಳವೇನಲ್ಲ, ಕಬ್ಬು ಮುರಿದ ಹಾಗೆ. ಆಮೇಲೆ ದಡದಡನೆ ಮಣ್ಣು ಸುರಿಯಿತು. ಕಿಟಕಿಯಿಂದ ಕೆಂಪು ಧೂಳು ನನ್ನ ಮುಖಕ್ಕೆ ಹೊಡೆಯಿತು. ನಡುಮನೆಯ ಮಾಳಿಗೆ ಕುಸಿದಿತ್ತು.

ಚಂದ್ರಪ್ಪ ಕೊನೆ ಗಳಿಗೆಯಲ್ಲಿ ತಮ್ಮ ಮಾಳಿಗೆಯ ಕಡೆ ಜಿಗಿದರಂತೆ. ಜೀವಕ್ಕೇನೂ ಆಗಲಿಲ್ಲ. ಆದರೆ ಎಡಗಾಲು ಗೋಡೆಗೆ ಸಿಕ್ಕಿ ಹಿಮ್ಮಡಿಯ ಎಲುಬು ಮುರಿಯಿತು. ಅವರನ್ನು ಜಮಖಂಡಿಯ ದವಾಖಾನೆಗೆ ಕಳಿಸಿದ ಮೇಲೆ ಓಣಿಯ ಗಂಡಸರು ಬಿದ್ದ ಮಾಳಿಗೆಯ ತೂತಿನಿಂದ ಇಳಿದು ಅಗಳಿ ಸರಿಸಿ ಬಾಗಿಲು ತೆಗೆದರು. ಇಬ್ಬರು ಸೇರಿ ಎಳೆಯಬೇಕಾಯಿತು.

ಆಮೇಲಿನದೇ ನನಗೆ ಎಲ್ಲಕ್ಕಿಂತ ಕಷ್ಟದ ಹೊತ್ತು. ಅಗಳಿ ಒಳಗಿನಿಂದ ಬಿದ್ದಿದ್ದರೆ ಹಾಕಿದವನು ಒಳಗೇ ಇರಬೇಕು. ಪಡಸಾಲೆ, ಅಡಿಗೆ ಕೋಣೆ ಎರಡರಲ್ಲೂ ಯಾರೂ ಇರಲಿಲ್ಲ. ಮೇಲಿನಿಂದ ನೋಡಿದಾಗ ಮೂಲೆಯಲ್ಲಿ ಕೂತವನು ಕಾಣದೆ ಹೋಗಿರಬಹುದು. ಹಾಗಾದರೆ ಆ ಮಣ್ಣಿನ ಕೆಳಗೆ ಒಬ್ಬ ಮನುಷ್ಯನಿದ್ದಾನೆ. ಹತ್ತು ಹನ್ನೆರಡು ಜನ ಬುಟ್ಟಿ, ಸಲಿಕೆ ಹಿಡಿದು ಮಣ್ಣು ಹೊರಲು ನಿಂತರು. ನಾನು ಕಟ್ಟೆಯ ಮೇಲೆ ಕೂತು ಪ್ರತಿ ಬುಟ್ಟಿಯನ್ನೂ ನೋಡುತ್ತಿದ್ದೆ. ಕಳ್ಳನೇ ಆಗಿರಲಿ, ನನ್ನ ಮನೆಯಲ್ಲಿ ಯಾರೂ ಸತ್ತಿರಬಾರದು ಎಂದು ದೇವರನ್ನು ಬೇಡಿಕೊಂಡೆ. ಹಾಗೆ ಬೇಡಿಕೊಂಡು ಎಷ್ಟೋ ವರ್ಷವಾಗಿತ್ತು.

ಹೊತ್ತು ಇಳಿಯುವಾಗ ಫರಸಿ ಕಂಡಿತು. ಮುರಿದ ತೊಲೆ ಸಿಕ್ಕಿತು, ಒಳಗೆಲ್ಲ ಗೆದ್ದಲು ತಿಂದು ಟೊಳ್ಳಾಗಿತ್ತು. ಸುಧಾಳ ಹಾಸಿಗೆ ಸಿಕ್ಕಿತು. ತೊಲೆಯ ತುಂಡು ಸರಿಯಾಗಿ ಅದರ ಮೇಲೆ ಬಿದ್ದಿತ್ತು. ಮನುಷ್ಯರು ಯಾರೂ ಸಿಗಲಿಲ್ಲ.

ಬದುಕಿಕೊಂಡೆವು ಎಂದು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಒಬ್ಬ ಕಳ್ಳ ಸಿಕ್ಕಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಸಂಜೆ ಯಜಮಾನರು ಬಂದರು. ಎಲ್ಲ ಕೇಳಿ, ಬಹಳ ಹೊತ್ತು ಅಗಳಿಯ ಹತ್ತಿರ ನಿಂತಿದ್ದರು. "ನೀನ ಹಾಕಿ, ಹಿತ್ತಲ ಕಡೆಯಿಂದ ಹೋಗಿರಬೇಕು ನೋಡು" ಎಂದರು.

"ಹಂಗಾದ್ರ ಹಿತ್ತಲ ಬಾಗಲಕ್ಕ ಒಳಗಿನಿಂದ ಚಿಲಕಾ ಹಾಕಿದವರು ಯಾರ್ರಿ?"

ಅವರು ಹೋಗಿ ಹಿತ್ತಲ ಬಾಗಿಲಿನ ಚಿಲಕ ತೆಗೆದು, ಹಾಕಿ ನೋಡಿದರು.

ಮುಂದಿನ ವಾರ ನಾನೊಬ್ಬಳೇ ಇದ್ದಾಗ ಪರೀಕ್ಷೆ ಮಾಡಿದೆ. ಕದವನ್ನು ಧಡಾರನೆ ಹಾಕಿದೆ, ಗೋಡೆಗೆ ಗುದ್ದಿದೆ, ಅಗಳಿಗೆ ಎಣ್ಣೆ ಹಚ್ಚಿಯೂ ನೋಡಿದೆ. ಅದು ತಾನಾಗಿ ಒಂದು ಬೆರಳಿನಷ್ಟೂ ಸರಿಯಲಿಲ್ಲ. ತೊಲೆ ಕುಗ್ಗಿ, ಗೋಡೆ ಒತ್ತಿ, ಅಗಳಿ ಹೊರಗೆ ಬಂದಿರಬಹುದು ಎಂದು ಒಬ್ಬ ಎಂಜಿನಿಯರು ಹೇಳಿದರು. ಗೇಣುದ್ದ ಬಂದಿದ್ದರೆ ಒಪ್ಪುತ್ತಿದ್ದೆ. ಅದು ಎರಡೂ ಕದ ದಾಟಿ ಆಚೆ ಗೋಡೆಯ ತೂತಿನೊಳಗೆ ಹೊಕ್ಕಿತ್ತು.

ಕಸ್ತೂರೆವ್ವ ಮಾತ್ರ ಮೊದಲ ದಿನವೇ ತೀರ್ಮಾನಕ್ಕೆ ಬಂದಿದ್ದಳು. "ಮನಿ ತನ್ನ ಕೂಸಿನ್ನ ಕಾಯಿತ್ರಿ" ಎನ್ನುತ್ತಿದ್ದಳು. ಗಂಡನ ಕಾಲು ಕೂಡಿಬರುವವರೆಗೆ ಎರಡು ತಿಂಗಳು ಆಕೆಯೇ ಅವರ ಮಗ್ಗಕ್ಕೆ ಕೂತಳು. ಒಂದು ದಿನವೂ ನನ್ನನ್ನು ದೂರಲಿಲ್ಲ. ಆಕೆಯ ಮಾತು ನಂಬಲು ನನಗೂ ಆಸೆಯಿತ್ತು. ಆದರೆ ಲೆಕ್ಕ ಇನ್ನೊಂದು ಕಡೆಯಿಂದಲೂ ಬರುತ್ತದೆ. ಅಗಳಿ ಬೀಳದಿದ್ದರೆ ಚಂದ್ರಪ್ಪ ಮಾಳಿಗೆ ಹತ್ತುತ್ತಿರಲಿಲ್ಲ. ಅವರ ಭಾರ ಬೀಳದಿದ್ದರೆ ತೊಲೆ ಅವತ್ತು ಮುರಿಯುತ್ತಿತ್ತೋ ಇಲ್ಲವೋ. ಮನೆ ನಮ್ಮನ್ನು ಉಳಿಸಲು ಬಾಗಿಲು ಮುಚ್ಚಿತೋ, ನೀವು ಇಲ್ಲಿಯವರಲ್ಲ, ಒಳಗೆ ಬರಬೇಡಿ ಎಂದು ಮುಚ್ಚಿತೋ, ನನಗೆ ತಿಳಿಯಲಿಲ್ಲ.

ನಡುಮನೆಯನ್ನು ಹೊಸದಾಗಿ ಕಟ್ಟಿಸಿ ಅದೇ ಮನೆಯಲ್ಲಿ ಇದ್ದೆವು. ಸುಧಾ ಅಲ್ಲಿಯೇ ಬೆಳೆದು ದೊಡ್ಡವಳಾದಳು. ಮತ್ತೆ ಯಾವತ್ತೂ ಏನೂ ಆಗಲಿಲ್ಲ.

ಹದಿಮೂರು ಹದಿನಾಲ್ಕು ವರ್ಷಗಳ ಮೇಲೆ ಚಂದ್ರಪ್ಪ ಬೇನೆ ಬಿದ್ದರು. ನೋಡಲು ಹೋದಾಗ ನನ್ನನ್ನು ಹತ್ತಿರ ಕರೆದರು. ಅಷ್ಟು ವರ್ಷದಲ್ಲಿ ಅವರು ಆ ದಿನದ ಮಾತು ಎತ್ತಿದ್ದು ಅದೇ ಮೊದಲು.

"ಅಕ್ಕೋರ, ನಾ ಅವತ್ತ ಮ್ಯಾಲ ಏರಲಿಲ್ಲಂದ್ರೂ ಅದು ಬೀಳತಿತ್ತೇನ್ರಿ?"

ಇಡೀ ಆಯುಷ್ಯದಲ್ಲಿ ಸಾಧಿಸಿ ತೋರಿಸಲಾಗದ ಉತ್ತರವನ್ನು ನಾನು ಯಾವ ಹುಡುಗಿಯ ಲೆಕ್ಕದ ವಹಿಯಲ್ಲೂ ಒಪ್ಪಿದವಳಲ್ಲ. ಅವರ ಕೈ ಹಿಡಿದುಕೊಂಡೆ.

"ಬೀಳತಿತ್ರಿ ಚಂದ್ರಪ್ಪನವರ" ಎಂದೆ. "ಖಂಡಿತ ಬೀಳತಿತ್ತು."

ಅವರು ಕಣ್ಣು ಮುಚ್ಚಿಕೊಂಡು ತಲೆಯಾಡಿಸಿದರು. ಅಗಳಿ ಯಾರು ಹಾಕಿದರು ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಹೇಳಲು ನನ್ನ ಹತ್ತಿರ ಒಂದು ಸುಳ್ಳು ಕೂಡ ಇರಲಿಲ್ಲ.