ಉಪ್ಪಿನ ಕೆರೆಯಲ್ಲಿ ಬೆನ್ನು ತಿರುಗಿಸಿ ನಿಂತವಳು

ನಾನೂ ನನ್ನ ಹೆಂಡತಿಯೂ ಅಮೆರಿಕದ ರೆಸ್ಟನ್‌ನಿಂದ ಆಸ್ಟ್ರೇಲಿಯಾಕ್ಕೆ ಹೋದದ್ದು ಕೋವಿಡ್ ಮುಗಿದು ಆ ದೇಶ ಮತ್ತೆ ಬಾಗಿಲು ತೆರೆದ ವರ್ಷ. ನನಗೆ ಬಯಲು, ಬೆಟ್ಟ, ಕಡಲ ದಂಡೆಗಳ ಫೋಟೊ ತೆಗೆಯುವ ಹುಚ್ಚು. ಮಗಳನ್ನು ಅಲ್ಫರೆಟಾ ಊರಿನಲ್ಲಿದ್ದ ನನ್ನ ತಂಗಿಯ ಮನೆಯಲ್ಲಿ ಬಿಟ್ಟು, ಅಡಿಲೇಡ್‌ನಲ್ಲಿ ಕಾರು ಬಾಡಿಗೆಗೆ ಹಿಡಿದು ಉತ್ತರಕ್ಕೆ ಹೊರಟೆವು.

ಅಲ್ಲಿನ ಬಯಲು ಎಷ್ಟು ದೊಡ್ಡದೆಂದು ಫೋಟೊದಲ್ಲಿ ಗೊತ್ತಾಗಬೇಕಾದರೆ ನಡುವೆ ಯಾರಾದರೂ ನಿಂತಿರಬೇಕು. ಹಾಗಾಗಿ ಹೋದಲ್ಲೆಲ್ಲ ಹೆಂಡತಿಯನ್ನು ದೂರ ನಡೆಸಿ, ಬೆನ್ನು ತಿರುಗಿಸಿ ನಿಲ್ಲಿಸುತ್ತಿದ್ದೆ. ಕೆಂಪು ಬಂಡೆಗಳ ಮುಂದೆ, ಕಡಲಿನ ಕಡಿದಾದ ಅಂಚಿನಲ್ಲಿ, ನೀರು ಬತ್ತಿ ಕಣ್ಣು ಹಾಯುವಷ್ಟು ದೂರ ಬೆಳ್ಳಗೆ ಹರಡಿದ್ದ ಉಪ್ಪಿನ ಕೆರೆಯ ಮೇಲೆ.

“ಸಾಕೇನ್ರೀ? ಬಿಸಿಲು ಭಾಳ ಅದ,” ಎಂದು ತಿರುಗದೆಯೇ ಕೂಗುತ್ತಿದ್ದಳು. ಅವಳು ಧಾರವಾಡದವಳು.

ಮರುವರ್ಷದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಆಫೀಸಿಗೆ ಹೊರಟವಳು ಗರಾಜಿನಲ್ಲೇ ಕುಸಿದಳು. ಮಿದುಳಿನ ರಕ್ತನಾಳ ಒಡೆದಿತ್ತು. ಆಸ್ಪತ್ರೆ ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಎಷ್ಟೋ ತಿಂಗಳ ಮೇಲೆ ಧೈರ್ಯ ಮಾಡಿ ಆ ಫೋಟೊಗಳನ್ನು ಟೀವಿಯಲ್ಲಿ ಹಾಕಿದೆ. ಮಗಳು ಪಕ್ಕದಲ್ಲಿ ಕೂತಿದ್ದಳು. ಒಂದಾದ ಮೇಲೊಂದು ಬಯಲು, ಒಂದೊಂದರಲ್ಲೂ ಚುಕ್ಕಿಯಂಥ ಒಂದು ಬೆನ್ನು.

“ಅಪ್ಪಾ, ಅಮ್ಮಂದು ಫೇಸ್ ಎಲ್ಲಿ? ಎಲ್ಲದ್ರಲ್ಲೂ ನಮ್ಮಿಂದ ದೂರ ವಾಕ್ ಮಾಡ್ತಿದ್ದಾಳೆ.”

ನಾನು ಟೀವಿ ಆರಿಸಿದೆ. ಮಗಳು ಹೇಳಿದಳು: “ನಾನು ಅಲ್ಲಿಗೆ ಹೋಗ್ಬೇಕು.”

ಕಾಲೇಜಿಗೆಂದು ನಾರ್ತ್ ಕೆರೊಲಿನಾಕ್ಕೆ ಹೊರಡುವ ಮುಂಚೆ ಅವಳನ್ನು ಕರೆದುಕೊಂಡು ಹೋದೆ. ಉಪ್ಪಿನ ಕೆರೆಯ ದಂಡೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮಗಳು ಟ್ರೈಪಾಡ್ ನಿಲ್ಲಿಸಿ ಕ್ಯಾಮೆರಾವನ್ನು ತಾನೇ ಅದರ ಮೇಲೆ ಕೂರಿಸಿದಳು.

“ನೀನು ಹೋಗು. ಅಮ್ಮ ನಿಂತಿದ್ಲಲ್ಲ, ಅಲ್ಲಿ ನಿಲ್ಲು. ತಿರುಗ್ಬೇಡ.”

ನಡೆದೆ. ಕಾಲಡಿಯಲ್ಲಿ ಉಪ್ಪು ಗರಗರ ಒಡೆಯುತ್ತಿತ್ತು. ನಿಂತೆ. ಎದುರಿಗೆ ಬಿಳುಪು ಬಿಟ್ಟರೆ ಏನೂ ಇಲ್ಲ, ಆಕಾಶ ಎಲ್ಲಿ ಶುರುವಾಗುತ್ತದೆಂದೂ ತಿಳಿಯುತ್ತಿರಲಿಲ್ಲ. ನನ್ನ ಹೆಂಡತಿ ಅಂದು ಅಷ್ಟು ಹೊತ್ತು ನೋಡುತ್ತ ನಿಂತದ್ದು ಇದನ್ನೇ.

ಆಗ ಹಿಂದಿನಿಂದ ಉಪ್ಪು ಒಡೆಯುವ ಸದ್ದು ಕೇಳಿಸಿತು. ನಿಧಾನ ನಡಿಗೆ. ಮಗಳು ಬರುತ್ತಿದ್ದಾಳೆ ಅಂದುಕೊಂಡೆ. ಸದ್ದು ನನ್ನ ಬೆನ್ನ ಹತ್ತಿರ ಬಂದು ನಿಂತಿತು.

“ಮುಗೀತಾ?” ಎಂದು ಕೇಳಿದೆ.

ತಿರುಗಿದೆ. ಮಗಳು ದೂರದಲ್ಲಿ ಟ್ರೈಪಾಡಿನ ಹಿಂದೆಯೇ ಇದ್ದಳು. ಉಪ್ಪಿನ ಮೇಲೆ ನನ್ನ ಹೆಜ್ಜೆಗಳು ಮಾತ್ರ.

ನಾನು ವಾಪಸ್ಸು ಬಂದಾಗ ಮಗಳ ಮುಖ ಬಿಳಿಚಿತ್ತು.

“ಅಷ್ಟು ಹೊತ್ತು ಯಾರ ಜೊತೆ ಮಾತಾಡ್ತಿದ್ದೆ ಅಪ್ಪಾ?”

“ಒಂದೇ ಮಾತು ಆಡಿದ್ದು. ನಿನ್ನನ್ನೇ ಕೇಳಿದ್ದು.”

“ಇಲ್ಲ. ತುಂಬಾ ಮಾತಾಡ್ದೆ. ನಂಗೆ ಕೇಳಿಸ್ತು. ಕೈ ಕೂಡ ಆಡಿಸ್ತಿದ್ದೆ.”

ಕ್ಯಾಮೆರಾದಲ್ಲಿ ನೋಡಿದೆವು. ನಾನೊಬ್ಬನೇ ಇದ್ದೆ. ಆದರೆ ಆಮೇಲಾಮೇಲಿನ ಚಿತ್ರಗಳಲ್ಲಿ ನನ್ನ ತಲೆ ಎಡಕ್ಕೆ ವಾಲಿತ್ತು, ಪಕ್ಕದವರ ಮಾತಿಗೆ ಕಿವಿಗೊಟ್ಟವರ ಹಾಗೆ. ಏನು ಹೇಳಿದೆನೋ, ಏನು ಕೇಳಿಸಿಕೊಂಡೆನೋ, ಇವತ್ತಿಗೂ ನೆನಪಾಗುವುದಿಲ್ಲ.

ಇಬ್ಬರೂ ಕಾರಿನಲ್ಲಿ ಕೂತೆವು. ಮಗಳು ಒಮ್ಮೆ ಹಿಂದಿನ ಸೀಟಿನತ್ತ ನೋಡಿದಳು, ಆಮೇಲೆ ನನ್ನ ತೋಳು ಹಿಡಿದುಕೊಂಡಳು.

“ನಿಧಾನಕ್ಕೆ ಡ್ರೈವ್ ಮಾಡು. ಅಮ್ಮಂಗೆ ಸ್ಪೀಡ್ ಆಗಲ್ಲ,” ಅಂದಳು.