ಬಸಣ್ಣ ಮಾಸ್ತರ ಹತ್ತಿಯೆಳೆ

ಮೊನ್ನೆ ಶಿರಸಿಯ ಆಸ್ಪತ್ರೆಯಲ್ಲಿ ನರ್ಸ್ ಹುಡುಗಿ ನನ್ನ ಕೈಗೊಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಳು. ಒಳಗೆ ಮೂರು ನೀಲಿ ಗುಂಡು, ಪಕ್ಕಕ್ಕೊಂದು ಕೊಳವೆ. ಆಪರೇಷನ್ ಆದವರ ಶ್ವಾಸಕೋಶಕ್ಕೆ ಇದು ವ್ಯಾಯಾಮವಂತೆ. "ಉಸಿರು ಎಳೀರಿ ಅಜ್ಜಾ, ಗುಂಡು ಮೇಲೆ ಬರ್ಲಿ" ಎಂದಳು. ಎಳೆದೆ. ಒಂದು ಗುಂಡು ಸೋಮಾರಿಯಂತೆ ಎದ್ದು ಮತ್ತೆ ಮಲಗಿತು. ನಾಚಿಕೆಯಿಂದ ಮುಖ ತಿರುಗಿಸಿದರೆ ಟ್ರೇಯಲ್ಲಿ ಹತ್ತಿಯ ಉಂಡೆ. ಬಸಣ್ಣ ಮಾಸ್ತರು ನೆನಪಾದರು.

ನಿಮಗೆ ಅವರ ಪರಿಚಯ ಇರಲಾರದು. ಗುಡ್ನಾಪುರದ ಕಡೆಯವರು, ಹುತುತು, ಅಂದರೆ ಈಗಿನ ಕಬಡ್ಡಿಯ ಆಟಗಾರರು. ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ ಹಾವೇರಿ, ಹುಬ್ಬಳ್ಳಿಯವರೆಲ್ಲ ಅವರನ್ನು ಕರೆಸಿ, ಉಡುಗೊರೆ ಕೊಟ್ಟು ಆಡಿಸುತ್ತಿದ್ದರು. ಬೇರೆ ಕಸುಬು ಅವರಿಗೆ ಗೊತ್ತಿರಲಿಲ್ಲ. ಮೊಣಕಾಲು ಕೈಕೊಟ್ಟ ಮೇಲೆ ಶಿರಸಿಯ ಕಟ್ಟಿಗೆ ಮಿಲ್ಲಿನ ಸಾಹುಕಾರರು ತಮ್ಮ ತಂಡ ತಯಾರು ಮಾಡಲು ಅವರನ್ನು ಇಟ್ಟುಕೊಂಡರು. ಆ ತಂಡದಲ್ಲಿ ನಾನೂ ಒಬ್ಬ. ಮಿಲ್ಲಿನ ಕಚೇರಿಯಲ್ಲಿ ಕಾರಕೂನನಾಗಿದ್ದೆ. ಇಪ್ಪತ್ತಮೂರರ ಹರೆಯಕ್ಕೇ ಕುರ್ಚಿ ನನಗೊಂದು ಹೊಟ್ಟೆ ದಯಪಾಲಿಸಿತ್ತು.

ಮಾಸ್ತರು ಕಲಿಸುವ ರೀತಿಯೇ ಬೇರೆ. ಹತ್ತಿಯ ಒಂದು ಎಳೆ ಕಿತ್ತು ನಮ್ಮ ಮೂಗಿನ ಮುಂದೆ ಹಿಡಿದು, ಹುತುತು ಹೇಳು ಎನ್ನುತ್ತಿದ್ದರು. ಉಸಿರು ಹೊರಗೆ ಹೋಗುವಷ್ಟು ಹೊತ್ತು ಎಳೆ ಆಚೆಗೆ ಬಾಗಿರುತ್ತದೆ. ಗುಟ್ಟಾಗಿ ಒಂದಿಷ್ಟು ಒಳಗೆಳೆದರೆ ಸಾಕು, ಮೂಗಿನ ಕಡೆ ತಿರುಗಿಬಿಡುತ್ತದೆ. "ದಮ್ಮು ಕದ್ದ್ರಿ ಕಾರಕೂನ್ರ. ಹತ್ತಿ ಸುಳ್ಳು ಹೇಳಂಗಿಲ್ಲ" ಎಂದು ನಗುತ್ತಿದ್ದರು. ಒಂದು ಭಾನುವಾರ ಅವರೇ ಗುಡ್ನಾಪುರದ ಕೆರೆ ಏರಿಯ ಮೇಲೆ ಎಳೆ ಹಿಡಿದು ನಡೆದರು. ಅವರ ಬೆನ್ನ ಹಿಂದೆ ಹುತುತು ಹೇಳುತ್ತ ಹೊರಟ ನಾವು ಏಳು ಜನ ಒಬ್ಬೊಬ್ಬರಾಗಿ ಏದುಸಿರು ಬಿಟ್ಟು ಕೂತೆವು. ಅವರು ನಡೆಯುತ್ತಲೇ ಇದ್ದರು. ದೇವರಾಣೆ, ಇವರಿಗೆ ಎದೆಯಲ್ಲಿ ಇನ್ನೊಂದು ಕೆರೆ ಇದೆ ಎಂದೇ ನಾನು ನಂಬಿದ್ದೆ.

ಐವತ್ತಾರರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಕೆಲ ವರ್ಷದಲ್ಲೇ ಪಂದ್ಯಗಳಿಗೆ ಹೊಸ ನಿಯಮ ಬಂತು: ಇನ್ನು ಹುತುತು ಎನ್ನುವಂತಿಲ್ಲ, ಕಬಡ್ಡಿ ಎನ್ನಬೇಕು, ತಪ್ಪಿದರೆ ಔಟು. ಒಂದು ಪದಕ್ಕೆ ಇಷ್ಟೇಕೆ ರಗಳೆ ಎನ್ನಬೇಡಿ. ಹುತುತು ಹೇಳುವಾಗ ತುಟಿ ಚೂಪಾಗಿ ಉಸಿರು ಸಣ್ಣಗೆ ಸೋರುತ್ತದೆ. ಕಬಡ್ಡಿಗೆ ಬಾಯಿ ತೆರೆದು ಮುಚ್ಚಿ ಅರ್ಧ ಗಾಳಿ ಅಲ್ಲೇ ಖರ್ಚು. ನಲವತ್ತೈದು ದಾಟಿದ ಮಾಸ್ತರು ನಮ್ಮ ಸಾಲಿನಲ್ಲೇ ನಿಂತು ಮೊದಲಿನಿಂದ ಕಲಿತರು. "ಹಿಡೀರಿ ಹತ್ತಿ" ಎಂದು ನನ್ನ ಮುಂದೆಯೇ ಮುಖ ಒಡ್ಡಿದರು. ಮೊದಲ ದಿನ ಇಪ್ಪತ್ತು ಹೆಜ್ಜೆಗೆ ಎಳೆ ತಿರುಗಿತು. ಅವರಿಗೆ ಅವಮಾನವಾಗಲಿಲ್ಲ. ನನಗೇ ಅಳು ಬಂದಂತಾಯಿತು.

ಯಲ್ಲಾಪುರದ ಪಂದ್ಯಕ್ಕೆ ಮುನ್ನ ಸಾಹುಕಾರರು ಕಡ್ಡಿ ಮುರಿದಂತೆ ಹೇಳಿದರು: "ಇದೊಂದು ಸೋತ್ರೆ ತಂಡವೂ ಬೇಡ, ಮಾಸ್ತರೂ ಬೇಡ." ಮಾಸ್ತರು ನಮಗೆ ಹೇಳಿದ್ದು ಒಂದೇ ಮಾತು. "ಹದಿನೈದು ದಿನ ಹುತುತು ಬಾಯಿಗೆ ಬರಬಾರದು. ಮನ್ಯಾಗ ಒಬ್ಬರ ಇದ್ದಾಗೂ ಬ್ಯಾಡ."

ನಾನು ಏನು ಮಾಡಿದೆ ಗೊತ್ತೇ? ಹಿತ್ತಲಲ್ಲಿ ಒಬ್ಬನೇ ನಿಂತು ಹುತುತುವನ್ನೇ ಹೇಳಿದೆ. ಹೆಚ್ಚು ಹೊತ್ತು ದಮ್ಮು ನಿಲ್ಲುತ್ತಿತ್ತು, ಖುಷಿಯಾಗುತ್ತಿತ್ತು. ಮಾಸ್ತರು ಕೇಳಿದರೆ "ನಾ ಕಬಡ್ಡಿಯೇ ಹೇಳ್ತಾ ಇದ್ದಿ" ಎನ್ನುತ್ತಿದ್ದೆ.

ಯಲ್ಲಾಪುರದಲ್ಲಿ ಕೊನೆಯ ನಿಮಿಷ. ಅಂಕ ಸಮ. ಎದುರಿಗೆ ಉಳಿದವರು ಇಬ್ಬರೇ, ನುಗ್ಗಿದವನು ನಾನು. ಒಬ್ಬನನ್ನು ಮುಟ್ಟಿ ತಿರುಗುವಷ್ಟರಲ್ಲಿ ಇಬ್ಬರೂ ಸೇರಿ ಕಾಲು ಹಿಡಿದರು. ಗೆರೆಗೆ ಒಂದು ಮೊಳ ಬಾಕಿ. ಎಳೆದುಕೊಂಡೇ ಹೊರಟೆ, ಕೈ ಚಾಚಿದೆ, ಬೆರಳು ಗೆರೆ ಮುಟ್ಟಿತು. ಆದರೆ ಅದಕ್ಕೆ ಮೊದಲೇ ಸೀಟಿ ಕೂಗಿತ್ತು. ಎದೆ ಖಾಲಿಯಾದಾಗ ಬಾಯಿ ತನಗೆ ರೂಢಿಯಾದದ್ದನ್ನೇ ಹುಡುಕಿಕೊಂಡಿತ್ತು. ನಾನು ಹುತುತು ಎನ್ನುತ್ತಿದ್ದೆ.

ಸಾಹುಕಾರರು ಕೆಂಡವಾಗಿ ಬಂದರು. "ಎಂತದು ಬಸಣ್ಣ ಇದು? ನೀ ಕಲಿಸಿದ್ದು ಇದೇ ಏನು?"

ಮಾಸ್ತರು ನನ್ನ ಕಡೆ ಒಮ್ಮೆ ನೋಡಿದರು. ಅವರಿಗೆ ಎಲ್ಲ ತಿಳಿದಿತ್ತು ಎಂದು ನನಗೆ ಆ ಕ್ಷಣವೇ ತಿಳಿಯಿತು. "ಹೌದ್ರಿ ಸಾಹುಕಾರ್ರ, ನಾನ ಕಲಿಸಿದ್ದು. ಹುಡುಗನ ತಪ್ಪಿಲ್ಲ. ನನ್ನ ಬಾಯಿ ಇನ್ನೂ ಹಳೇದೈತಿ" ಎಂದರು.

ಮರುದಿನವೇ ಅವರ ಕೆಲಸ ಹೋಯಿತು. ನಾನು ಬಾಯಿ ಬಿಡಲಿಲ್ಲ.

ಎರಡು ವರ್ಷದ ಮೇಲೆ ಕಚೇರಿ ಕೆಲಸಕ್ಕೆಂದು ಸಿದ್ದಾಪುರಕ್ಕೆ ಹೋಗಿದ್ದೆ. ಶಾಲೆಯ ಬಯಲಲ್ಲಿ ಮಕ್ಕಳು ಗಟ್ಟಿಯಾಗಿ ಹೆಜ್ಜೆ ಎಣಿಸುತ್ತಿದ್ದರು. ನಡುವೆ ತಲೆ ನರೆತ ಮಾಸ್ತರು, ಮೂಗಿನ ಮುಂದೆ ಹತ್ತಿಯೆಳೆ, ಬಾಯಲ್ಲಿ ಕಬಡ್ಡಿ. ನೂರಾ ಹತ್ತು, ನೂರಾ ಹನ್ನೊಂದು. ನಾನು ಬೇಲಿ ಹಿಡಿದು ನಿಂತೆ. ಆ ವಯಸ್ಸಿನಲ್ಲಿ, ಎಲ್ಲ ಕಳೆದುಕೊಂಡ ಮೇಲೆ, ಮನುಷ್ಯ ತನ್ನ ಉಸಿರನ್ನೇ ಹೊಸದಾಗಿ ಕಟ್ಟಿಕೊಂಡಿದ್ದ! ನನ್ನನ್ನು ಕಂಡು ನಕ್ಕರು. "ಬರ್ರಿ ಕಾರಕೂನ್ರ. ದಮ್ಮು ಹೆಂಗೈತ್ರಿ?" ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. "ಅಡ್ಡಿಲ್ಲೆ" ಎಂದಷ್ಟೇ ಹೊರಬಂತು. ಮತ್ತೆ ಅವರನ್ನು ನೋಡುವ ಯೋಗ ಬರಲಿಲ್ಲ.

"ಇನ್ನೊಂದ್ಸಲ ಎಳೀರಿ ಅಜ್ಜಾ" ಎಂದಳು ನರ್ಸ್. ಡಬ್ಬಿ ಪಕ್ಕಕ್ಕಿಟ್ಟು, ಹತ್ತಿಯ ಒಂದು ಎಳೆ ಕಿತ್ತು ನನ್ನ ಮೂಗಿನ ಮುಂದೆ ಹಿಡಿಯಲು ಹೇಳಿದೆ. ಮುದುಕನಿಗೆ ಭ್ರಮೆ ಹಿಡಿಯಿತು ಎಂದುಕೊಂಡಳೋ ಏನೋ, ಹಿಡಿದಳು. ಕಬಡ್ಡಿ, ಕಬಡ್ಡಿ, ಕಬಡ್ಡಿ ಎಂದು ಶುರುಮಾಡಿದೆ. ಪಕ್ಕದ ಮಂಚದವರು ಎದ್ದು ಕೂತರು. ಹೊಲಿಗೆ ಜಗ್ಗಿತು, ಕಣ್ಣು ಮಂಜಾಯಿತು. ಎದೆ ಪೂರ್ತಿ ಖಾಲಿಯಾಗುವವರೆಗೂ ಬಾಯಿ ಮಾತ್ರ ತಪ್ಪಲಿಲ್ಲ.

"ಸಾಕು ಅಜ್ಜಾ! ಯಾರು ಕಲಿಸಿದ್ದು ನಿಮಗೆ ಇದನ್ನ?"

"ಬಸಣ್ಣ ಮಾಸ್ತರು" ಎಂದೆ. ಸುಧಾರಿಸಿಕೊಂಡು, ವಾರ್ಡಿಗೆಲ್ಲ ಕೇಳುವಂತೆ ಉಳಿದದ್ದನ್ನೂ ಹೇಳಿದೆ. "ಅವರು ಸರಿಯಾಗೇ ಕಲಿಸಿದ್ದರು. ಯಲ್ಲಾಪುರದಲ್ಲಿ ತಪ್ಪಿದ್ದು ನನ್ನ ಬಾಯಿ."