ಕಟ್ಟಡ ತಳ್ಳುವ ಬಿರುಕಮ್ಮ

ಬೆಳಕು ಈಗಷ್ಟೇ ಹರಿಯುತ್ತಿದೆ. ಐದು ಮಹಡಿಯ ವಸತಿ ಕಟ್ಟಡದ ಕೆಳಗೆ, ಎರಡು ಕಾರುಗಳ ಸಂದಿಯಲ್ಲಿ, ಐವತ್ತು ದಾಟಿದ ಹೆಂಗಸೊಬ್ಬರು ಮಂಡಿಯೂರಿ ಕೂತಿದ್ದಾರೆ. ಕೈಯಲ್ಲಿರುವ ಪುಟ್ಟ ಯಂತ್ರವನ್ನು ಕಂಬದ ಮೇಲೆ ಸವರುತ್ತಾರೆ. ಒಳಗೆ ಕಬ್ಬಿಣದ ಸರಳು ಇರುವಲ್ಲೆಲ್ಲ ಅದು ಕುಂಯ್ ಅನ್ನುತ್ತದೆ. ಸದ್ದು ವಿರಳವಾದಷ್ಟೂ ಇವರ ಹುಬ್ಬು ಗಂಟಿಕ್ಕುತ್ತದೆ. ಹಾಲಿಗೆ ಹೊರಟ ಹಿರಿಯರೊಬ್ಬರು, "ಏನ್ ಬಿರುಕಮ್ಮ, ಇವತ್ತೂ ಬೀಳಿಸಿಬಿಟ್ರಾ ನಮ್ಮ ಮನೇನ?" ಎಂದು ಚುಡಾಯಿಸುತ್ತಾರೆ.

"ನಿನ್ನೇನೇ ಬೀಳಿಸಿದೆ ಸಾರ್. ಇವತ್ತು ಇನ್ನೊಂದ್ಸಲ."

ಇವರು ಇಂಜಿನಿಯರ್. ಬಿರುಕು ಹುಡುಕುತ್ತಾರೆಂದು ಇಲ್ಲಿಯವರು ಇಟ್ಟ ಹೆಸರು ಬಿರುಕಮ್ಮ. ಹೊಸ ಕಟ್ಟಡ ಕಟ್ಟುವವರ ಹೆಸರನ್ನು ಕಲ್ಲಿನ ಮೇಲೆ ಕೆತ್ತಿಸುತ್ತಾರೆ. ಹಳೆಯದು ಭೂಕಂಪವನ್ನು ತಾಳೀತೇ ಎಂದು ನೋಡುವ ಇಂಥವರ ಹೆಸರು ಬರುವುದೇ ಅಪರೂಪ, ಬಂದರೂ ಬೈಗುಳದ ಜೊತೆಗೆ.

"ಭೂಕಂಪದ ಒಂದೊಂದು ಕ್ಷಣಾನೂ ಲೆಕ್ಕ ಹಾಕೋಕೆ ಹೋದ್ರೆ ಒಂದೇ ಕಟ್ಟಡಕ್ಕೆ ವಾರಗಟ್ಟಲೆ ಬೇಕು. ಅದಕ್ಕೇ ಕಂಪ್ಯೂಟರಲ್ಲಿ ಪಕ್ಕದಿಂದ ಮೆಲ್ಲಗೆ ತಳ್ತೀವಿ. ಮೊದಲು ಬಾಗುತ್ತೆ, ಆಮೇಲೆ ಬಿರುಕು ಬಿಡುತ್ತೆ. ಬಿರುಕು ಬಿಟ್ಟ ಮೇಲೂ ಎಷ್ಟು ದೂರ ತಡ್ಕೊಳುತ್ತೆ ಅನ್ನೋದೇ ನಮಗೆ ಬೇಕಾದ್ದು," ಎಂದು ನನಗೆ ವಿವರಿಸುತ್ತಾರೆ. ನೆಲ ನಡುಗಿದರೆ ಬರಬಹುದಾದ ಓಲಾಟಕ್ಕೆ ಅಷ್ಟು ಸಾಕೇ ಎಂದು ಹೋಲಿಸಿ ನೋಡಿದರೆ ತೀರ್ಪು ಸಿಗುತ್ತದೆ.

"ಇದು ಸರಳ ವಿಧಾನ. ಸುಳ್ಳಲ್ಲ, ಪೂರ್ತಿ ನಿಜಾನೂ ಅಲ್ಲ. ಭೂಕಂಪ ಒಂದೇ ಕಡೆಯಿಂದ ತಳ್ಳುತ್ತಾ? ಅದಕ್ಕೇ ಒಂದ್ಸಲ ಮುಗಿಸಿ ಸುಮ್ನಿರೋಕೆ ನನ್ನಿಂದಾಗಲ್ಲ." ಸುಮ್ಮನಿರುವುದು ಇವರ ಜಾಯಮಾನವೇ ಅಲ್ಲ. ಮಾತಿನ ನಡುವೆಯೇ ಎದ್ದು ಹೋಗಿ ಮತ್ತೊಂದು ಕಂಬ ಮುಟ್ಟಿ ಬರುತ್ತಾರೆ. ಹೋಟೆಲಿಗೆ ಹೋದರೂ ತಿಂಡಿ ಹೇಳುವ ಮೊದಲು ತಲೆಯ ಮೇಲಿನ ತೊಲೆ ನೋಡುತ್ತಾರಂತೆ.

ಈ ಕಟ್ಟಡವಂತೂ ಇವರ ನೆಮ್ಮದಿಯನ್ನೇ ಕಿತ್ತುಕೊಂಡಿದೆ. ನಾಲ್ಕನೇ ಮಹಡಿಯಲ್ಲಿರುವುದು ಇವರ ಸ್ವಂತ ಅಕ್ಕ. ಹಿಂದೆ ಬೇರೊಬ್ಬ ಇಂಜಿನಿಯರ್ ಎಲ್ಲ ಗಟ್ಟಿಯಿದೆ ಎಂದು ಬರೆದುಕೊಟ್ಟಿದ್ದರು. ಇಟ್ಟಿಗೆ ಗೋಡೆಗಳನ್ನು ಬರೀ ಭಾರವೆಂದು ಎಣಿಸಿದ್ದು ಅವರ ತಪ್ಪು. ಈ ಕಸುಬಿನವರು ಎಷ್ಟೋ ಸಲ ಮಾಡುವ ತಪ್ಪು. ಗೋಡೆ ಬಲವೂ ಹೌದು. ಮೇಲಿನ ಮಹಡಿಗಳಲ್ಲೆಲ್ಲ ಗೋಡೆಯಿದೆ, ಕೆಳಗೆ ಕಾರು ನಿಲ್ಲಿಸಲೆಂದು ಬರೀ ಕಂಬ. ಆ ಬಲವನ್ನೂ ಸೇರಿಸಿ ಇವರು ಕಂಪ್ಯೂಟರಲ್ಲಿ ತಳ್ಳಿದಾಗ ಮೇಲಿನದೆಲ್ಲ ಪೆಟ್ಟಿಗೆಯಂತೆ ಬಿಗಿದು ನಿಂತು, ಬಾಗುವ ಕಷ್ಟವೆಲ್ಲ ಕೆಳಗಿನ ಕಂಬಗಳ ತಲೆಗೆ ಬಂತು. ಅವು ತಡೆಯಲಿಲ್ಲ.

ಪರಿಹಾರವಿದೆ. ಕೆಳಗೆ ಎರಡು ಕಡೆ ಕಾಂಕ್ರೀಟ್ ಗೋಡೆ ಎಬ್ಬಿಸಬೇಕು, ಅದಕ್ಕೆ ಎಲ್ಲ ಮನೆಯವರ ಒಪ್ಪಿಗೆ ಬೇಕು. ಉಳಿದವರು ಗೊಣಗುತ್ತಲೇ ಸಹಿ ಹಾಕಿದ್ದಾರೆ. ಹಾಕದಿರುವುದು ಅಕ್ಕ ಮಾತ್ರ. ಒಂದು ಗೋಡೆ ಬರುವುದು ಅವರ ಕಾರಿನ ಜಾಗದಲ್ಲಿ. ಮಂಡಿ ಆಪರೇಷನ್ ಆದ ಭಾವ ಅಲ್ಲಿ ಇಳಿದರೆ ಪಕ್ಕದಲ್ಲೇ ಲಿಫ್ಟ್.

ಚಹಾಕ್ಕೆಂದು ನಾವಿಬ್ಬರೂ ಮೇಲೆ ಅಕ್ಕನ ಮನೆಗೆ ಹೋದಾಗಲೂ ಅದೇ ಜಗಳ. ಅಕ್ಕನೇ ಶುರು ಮಾಡುತ್ತಾರೆ: "ಕಟ್ಟಡ ಯಾವತ್ತೋ ಬೀಳುತ್ತೆ ಅಂತ ನಿನ್ ಭಾವನ್ನ ದಿನಾ ಬೀಳಿಸ್ಲಾ? ಗೋಡೆ ಬೇರೆ ಕಡೆ ಕಟ್ಟು."

"ಬೇರೆ ಕಡೆ ಇಟ್ಟೂ ತಳ್ಳಿದೆ ಅಕ್ಕ. ಇಡೀ ಕಟ್ಟಡ ತಿರುಚ್ಕೊಳುತ್ತೆ. ಗೋಡೆ ಏಳೋವರೆಗೂ ನಮ್ಮನೇಲಿ ಬಂದಿರಿ ಅಂದ್ರೂ ಕೇಳಲ್ಲ ನೀನು."

"ನಿಮ್ಮನೇಲಿ ಲಿಫ್ಟೇ ಇಲ್ವಲ್ಲೇ!"

ನಡುಮನೆಯ ಮೂಲೆಯಲ್ಲಿ ಮಡಿಸಿಟ್ಟ ಹಾಸಿಗೆ ಯಾರದು ಎಂದು ಕೇಳುತ್ತೇನೆ. ಬಿರುಕಮ್ಮ ತಲೆ ತಗ್ಗಿಸುತ್ತಾರೆ. ಲೆಕ್ಕ ಮುಗಿದ ದಿನದಿಂದ ಅವರು ಮಲಗುತ್ತಿರುವುದು ಇಲ್ಲೇ! "ನಾನಿದ್ರೆ ಕಂಬ ಗಟ್ಟಿಯಾಗಲ್ಲ, ಗೊತ್ತು. ಆದ್ರೆ ಇವಳು ಇಲ್ಲಿರೋವಾಗ ನಾನು ಅಲ್ಲಿ ಹೇಗೆ ಕಣ್ಣು ಮುಚ್ಚಲಿ?"

"ಇಲ್ಲಿ ಮುಚ್ತಾಳೆ ಅಂದ್ಕೊಂಡ್ರಾ?" ಅಕ್ಕ ನನ್ನ ಕಡೆ ತಿರುಗುತ್ತಾರೆ. "ಬೀದೀಲಿ ಲಾರಿ ಹೋದ್ರೆ ಸಾಕು, ಎದ್ದು ಬಂದು ನಮ್ಮ ಕೋಣೆ ಬಾಗಿಲಲ್ಲಿ ನಿಂತಿರ್ತಾಳೆ." ಭಾವ ಮೆಲ್ಲಗೆ, "ನಾನು ಕೋಲು ಹಿಡ್ಕೊಂಡು ನಡೀತೀನಿ ಬಿಡೇ," ಎನ್ನುತ್ತಾರೆ. ಅಕ್ಕ ಕಣ್ಣೊರೆಸಿಕೊಂಡು ಒಪ್ಪಿಗೆಪತ್ರ ಎಳೆದುಕೊಂಡು ಸಹಿ ಹಾಕುತ್ತಾರೆ.

"ಇದು ಕಟ್ಟಡಕ್ಕಲ್ಲ ಕಣೆ, ನಿನ್ ನಿದ್ದೆಗೆ. ಇವತ್ತಾದ್ರೂ ನಿನ್ ಮನೆಗೆ ಹೋಗಿ ಮಲಗು."

ಬಿರುಕಮ್ಮ ಪತ್ರವನ್ನು ಚೀಲಕ್ಕೆ ಸೇರಿಸುತ್ತಾರೆ. "ಗೋಡೆ ಎದ್ದು ನಿಲ್ಲಲಿ ಅಕ್ಕ," ಎನ್ನುತ್ತಾರೆ, "ಹೋಗ್ತೀನಿ."